ದ್ವೇಷ ಮೊದಲು, ಕಾರಣ ಆಮೇಲೆ

“ಕ್ರೈಸ್ತರನ್ನು ಕಂಡರೆ ಜನಕ್ಕೆ ಆಗುವುದಿಲ್ಲವೆಂದರೆ ಅದಕ್ಕೆ ಕ್ರೈಸ್ತರೇ ಕಾರಣ.” ಮುಂಬಯಿ ಕನ್ನಡಿಗರ ಬಾಯಲ್ಲಿ ಈ ಮಾತು ಈಗ ಎಷ್ಟು ಸಲೀಸಾಗಿ ಬರುತ್ತಿದೆಯೆಂದರೆ ಪುರಾವೆ ಕೇಳುವವರೇ ಇಲ್ಲ. ಸಂಘದ ವಾರ್ಷಿಕೋತ್ಸವದ ಊಟದಲ್ಲಿ ಹಿರಿಯರು ಹೇಳುತ್ತಾರೆ, ಕಿರಿಯರು ತಲೆಯಾಡಿಸುತ್ತಾರೆ, ಮರುದಿನ ಅದೇ ಮಾತು ವಾಟ್ಸಾಪಿನಲ್ಲಿ ಊರಿಗೂ ಹೋಗುತ್ತದೆ. ವಿಲೆ ಪಾರ್ಲೆಯಲ್ಲಿ ಬದುಕುವ ನನ್ನಂಥವರಿಗೆ ಉದಾಹರಣೆಯನ್ನೂ ಒದಗಿಸುತ್ತಾರೆ: “ನಿಮ್ಮ ಇರ್ಲಾದಲ್ಲೇ ನೋಡಿ. ಶಿಲುಬೆಯ ನೀರು ಎಲ್ಲಿಂದ ಬರುತ್ತದೆ ಎಂದು ಹೇಳಿದವನನ್ನು ದೇಶವನ್ನೇ ಬಿಡಿಸಿದರಲ್ಲ?”

ಸರಿ, ಇರ್ಲಾದಿಂದಲೇ ಶುರು ಮಾಡೋಣ.

2012ರ ಮಾರ್ಚ್ ತಿಂಗಳು. ಇರ್ಲಾದ ವೇಳಾಂಕಣಿ ಮಾತೆಯ ಚರ್ಚಿನಲ್ಲಿ ಶಿಲುಬೆಗೇರಿದ ಯೇಸುವಿನ ಪಾದದಿಂದ ನೀರು ತೊಟ್ಟಿಕ್ಕತೊಡಗಿತು. ಜನ ಸೇರಿದರು, ಪ್ರಾರ್ಥಿಸಿದರು, ಆ ನೀರನ್ನು ತೀರ್ಥದಂತೆ ಹಿಡಿದುಕೊಂಡು ಹೋದರು. ಟಿವಿ ವಾಹಿನಿಯೊಂದರ ಕರೆಯ ಮೇಲೆ ದೆಹಲಿಯಿಂದ ಬಂದ ವಿಚಾರವಾದಿ ಸನಲ್ ಇಡಮರುಕು ಶಿಲುಬೆಯನ್ನು ನೋಡಿದರು, ಗೋಡೆಯನ್ನು ನೋಡಿದರು, ಹತ್ತಿರದ ಕಟ್ಟಿಕೊಂಡ ಮೋರಿಯನ್ನೂ ನೋಡಿದರು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವ ಹಾಗೆ ಗೋಡೆ ಮೋರಿಯ ನೀರನ್ನು ಎಳೆದುಕೊಂಡಿದೆ, ಅದು ಶಿಲುಬೆಯ ಮರಕ್ಕಿಳಿದು ಪಾದದ ಬಳಿ ಹನಿಯುತ್ತಿದೆ ಎಂದರು. ಅಂದಿನ ಟಿವಿ ಚರ್ಚೆಯಲ್ಲಿ ಮಾತು ಬಿಸಿಯೇರಿತು. ಚರ್ಚು ಹಣಕ್ಕಾಗಿ ಪವಾಡಗಳನ್ನು ಹುಟ್ಟಿಸುತ್ತದೆ ಎಂದೂ ಅವರು ಆಪಾದಿಸಿದರು. ಕ್ಯಾಥೊಲಿಕ್ ಸಂಘಟನೆಗಳ ಕೆಲವರು ಪೊಲೀಸರಿಗೆ ದೂರು ಕೊಟ್ಟರು. ದಂಡ ಸಂಹಿತೆಯ 295ಎ ಕಲಂ, ಧಾರ್ಮಿಕ ಭಾವನೆಗೆ ಧಕ್ಕೆ, ಮೂರು ವರ್ಷದವರೆಗೆ ಜೈಲು. ಆ ವರ್ಷವೇ ಸನಲ್ ಫಿನ್‌ಲೆಂಡಿಗೆ ಹೋಗಿ ನೆಲೆಸಿದರು.

ಆ ದೂರು ತಪ್ಪು. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಗೋಡೆಯ ತೇವಕ್ಕೆ ಕಾರಣ ಹೇಳಿದವನ ಮೇಲೆ ಪೊಲೀಸರನ್ನು ಬಿಟ್ಟವರು ಯೇಸುವನ್ನೂ ರಕ್ಷಿಸಲಿಲ್ಲ, ತಮ್ಮ ಜನರನ್ನೂ ರಕ್ಷಿಸಲಿಲ್ಲ. ಮುಂಬಯಿಯ ಧರ್ಮಪ್ರಾಂತ್ಯವೇ ಆ ನೀರನ್ನು ಪವಾಡವೆಂದು ಸಾರಿರಲಿಲ್ಲ. ಅಂದಮೇಲೆ ಈ ಸ್ವಯಂಘೋಷಿತ ಕಾವಲುಗಾರರು ಕಾಯುತ್ತಿದ್ದುದು ಏನನ್ನು? ಪ್ರಶ್ನೆ ಕೇಳುವುದೂ ದ್ವೇಷ ಮಾಡುವುದೂ ಒಂದೇ ಎಂದು ಅವರು ಪೊಲೀಸ್ ಠಾಣೆಯಲ್ಲಿ ಬರೆಸಿದರು. ಆ ದಿನದಿಂದ ನಿಜವಾದ ದ್ವೇಷಿಗಳೂ ತಾವು ಬರೀ ಪ್ರಶ್ನೆ ಕೇಳುವವರೆಂಬ ವೇಷ ಹಾಕಿಕೊಂಡು ತಿರುಗಲು ಅನುಕೂಲವಾಯಿತು.

ಈ ಊರಿಗೆ ಪವಾಡ ಹೊಸದೇನಲ್ಲ. 1995ರ ಸೆಪ್ಟೆಂಬರ್ 21ರಂದು ದೇಶಕ್ಕೆ ದೇಶವೇ ಗಣಪತಿಗೆ ಹಾಲು ಕುಡಿಸಲು ಸಾಲುಗಟ್ಟಿ ನಿಂತಾಗ ಮುಂಬಯಿಯೂ ನಿಂತಿತ್ತು. ಅದೂ ದ್ರವದ ಮೇಲ್ಮೈ ಎಳೆತದ ಆಟವೆಂದು ವಿಜ್ಞಾನಿಗಳು ಅಂದೇ ತೋರಿಸಿದರು. 2006ರ ಆಗಸ್ಟಿನಲ್ಲಿ ಮಾಹಿಮಿನ ಕಡಲ ನೀರು ಸಿಹಿಯಾಗಿದೆಯೆಂದು ಜನ ಆ ಕೊಳಕು ನೀರನ್ನೇ ಬೊಗಸೆಯಲ್ಲಿ ಕುಡಿದರು, ಮಕ್ಕಳಿಗೂ ಕುಡಿಸಿದರು. ಹಿಂದೂ, ಮುಸ್ಲಿಂ, ಕ್ರೈಸ್ತ, ಎಲ್ಲರೂ ಮೋಸಹೋಗುವವರೇ, ಎಲ್ಲರೂ ನಂಬುವವರೇ. ಕನ್ನಡಿಗರಿಗಂತೂ ಇದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿ ಪುಟ್ಟಪರ್ತಿಯ ಸಾಯಿಬಾಬಾಗೇ ಪತ್ರ ಬರೆದವರು. ಅವರನ್ನು ಹಿಂದೂದ್ವೇಷಿ ಎನ್ನುವಷ್ಟು ಬುದ್ಧಿಗೇಡಿಗಳು ಆಗ ನಮ್ಮಲ್ಲಿ ಹೆಚ್ಚಿರಲಿಲ್ಲ.

ಈಗ ಇರ್ಲಾದ ಹೆಸರು ಹಿಡಿದು ಕಣ್ಣೀರು ಹಾಕುವವರಿಗೆ ನನ್ನ ಪ್ರಶ್ನೆ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಮೂಢನಂಬಿಕೆಯ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರರನ್ನು ಕೊಂದರು. 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಚಿಂತಕ ಗೋವಿಂದ ಪಾನ್ಸರೆಯವರಿಗೆ ಗುಂಡಿಕ್ಕಿದರು. ಅದೇ ವರ್ಷದ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಮನೆಬಾಗಿಲಲ್ಲೇ ಹೊಡೆದುರುಳಿಸಿದರು. ಆಗ ನಿಮ್ಮ ವಿಚಾರವಾದ ಎಲ್ಲಿ ಹೋಗಿತ್ತು? ಕೆಲವರ ಪೊಲೀಸ್ ದೂರಿನ ಕಾರಣಕ್ಕೆ ಇಡೀ ಕ್ರೈಸ್ತ ಸಮುದಾಯ ದ್ವೇಷಕ್ಕೆ ಅರ್ಹವಾಗುವುದಾದರೆ, ಈ ಗುಂಡುಗಳ ಲೆಕ್ಕವನ್ನು ಯಾವ ಸಮುದಾಯದ ಖಾತೆಗೆ ಬರೆಯುತ್ತೀರಿ? ಬರೆಯುವುದಿಲ್ಲ. ಬರೆಯಲೂ ಬಾರದು. ಕೊಂದವನ ಪಾಪ ಕೊಂದವನದು. ಆ ನ್ಯಾಯ ಇರ್ಲಾಕ್ಕೆ ಯಾಕಿಲ್ಲ?

ಯಾಕಿಲ್ಲವೆಂದರೆ, ದ್ವೇಷ ಮೊದಲು ಬಂದಿರುತ್ತದೆ, ಕಾರಣವನ್ನು ಆಮೇಲೆ ಹುಡುಕುತ್ತಾರೆ. ಇದನ್ನು ಮುಂಬಯಿ ಕನ್ನಡಿಗನಿಗಿಂತ ಚೆನ್ನಾಗಿ ಬಲ್ಲವರು ಈ ದೇಶದಲ್ಲಿ ಯಾರಿದ್ದಾರೆ? 1960ರ ದಶಕದಲ್ಲಿ ‘ಮಾರ್ಮಿಕ್’ ವಾರಪತ್ರಿಕೆ ಕಂಪನಿಗಳಲ್ಲಿದ್ದ ದಕ್ಷಿಣದವರ ಹೆಸರುಗಳನ್ನು ವಾರವಾರವೂ ಪಟ್ಟಿಮಾಡಿ ಅಚ್ಚು ಹಾಕುತ್ತಿತ್ತು. 1966ರಲ್ಲಿ ಶಿವಸೇನೆ ಹುಟ್ಟಿತು. ಲುಂಗಿ ಓಡಿಸಿ ಎಂಬ ಕೂಗು ಎದ್ದಿತು, ಉಡುಪಿ ಹೋಟೆಲುಗಳ ಗಾಜು ಪುಡಿಯಾಯಿತು. 1969ರ ಫೆಬ್ರವರಿಯಲ್ಲಿ ಬೆಳಗಾವಿಯ ಗಡಿ ತಂಟೆಯ ನೆಪದಲ್ಲಿ ನಗರ ಹೊತ್ತಿ ಉರಿಯಿತು. ಆಗಲೂ ಕಾರಣಗಳಿದ್ದವು: ನಮ್ಮ ಕೆಲಸ ಕಸಿಯುತ್ತಾರೆ, ತಮ್ಮವರನ್ನೇ ಕರೆಸಿಕೊಳ್ಳುತ್ತಾರೆ, ನಮ್ಮ ಭಾಷೆ ಆಡುವುದಿಲ್ಲ. ಮಧ್ಯರಾತ್ರಿಯವರೆಗೆ ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ಕನ್ನಡ ಓದಿ ಮೇಲೆ ಬಂದ ನಮ್ಮ ಹಿರಿಯರು ಯಾರ ಅನ್ನ ಕಸಿದಿದ್ದರು? ಕಲ್ಲು ಬೀಳುತ್ತಿದ್ದಾಗ “ಇದಕ್ಕೆ ನೀವೇ ಕಾರಣ” ಎಂದು ಯಾರಾದರೂ ಅವರಿಗೆ ಹೇಳಿದ್ದರೆ ಹೇಗಿರುತ್ತಿತ್ತು? ಹೇಳಿದವರೂ ಇದ್ದರು. ಆ ಕಲ್ಲು ತಿಂದವರ ಮಕ್ಕಳು, ಮೊಮ್ಮಕ್ಕಳು ಇಂದು ಅದೇ ವಾಕ್ಯವನ್ನು ಇನ್ನೊಬ್ಬರ ಮೇಲೆ ಎಸೆಯುತ್ತಿದ್ದಾರಲ್ಲ, ನನ್ನ ಹೊಟ್ಟೆಯುರಿ ಅದಕ್ಕೇ.

ನಮ್ಮ ಪಾರ್ಲೆಗೂ ಈ ಕಥೆಯಲ್ಲಿ ಪಾಲಿದೆ. 1987ರ ವಿಲೆ ಪಾರ್ಲೆ ಉಪಚುನಾವಣೆಯಲ್ಲಿ ಧರ್ಮದ ಹೆಸರು ಹಿಡಿದು ಮತ ಕೇಳಿ ಶಿವಸೇನೆಯ ರಮೇಶ್ ಪ್ರಭು ಗೆದ್ದರು. ಆ ಗೆಲುವು ಅಸಿಂಧುವೆಂಬ ತೀರ್ಪನ್ನು 1995ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಮೊದಲು ಮದ್ರಾಸಿಯಾಗಿದ್ದ ಶತ್ರು ಆಗ ಮುಸಲ್ಮಾನನಾಗಿದ್ದ. ಇವತ್ತು ಸರದಿ ಪ್ರಾರ್ಥನಾ ಮಂದಿರದ ಪಾಸ್ಟರನದು.

“ಹಾಗಲ್ಲ, ಮತಾಂತರ ಮಾಡುತ್ತಾರಲ್ಲ” ಎನ್ನುತ್ತೀರಿ. ಗೊತ್ತು. ಎಲ್ಲ ಮಾತೂ ಕೊನೆಗೆ ಬಂದು ನಿಲ್ಲುವುದು ಅಲ್ಲೇ. ಹಾಗಾದರೆ ಒಂದು ಅಂಕಿಗೆ ಉತ್ತರಿಸಿ: 2.3. ಸ್ವಾತಂತ್ರ್ಯಾನಂತರದ ಮೊದಲ ಜನಗಣತಿ, 1951ರಲ್ಲಿ ಈ ದೇಶದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ. 2.3. ಅರವತ್ತು ವರ್ಷಗಳ ನಂತರ, 2011ರಲ್ಲಿ, ಶೇ. 2.3. ಕರ್ನಾಟಕದಲ್ಲಿ 2001ರಲ್ಲಿ ಶೇ. 1.91 ಇದ್ದವರು 2011ರಲ್ಲಿ ಶೇ. 1.87ಕ್ಕೆ ಇಳಿದರು. ಮಹಾರಾಷ್ಟ್ರದಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಊರೂರು ಮತಾಂತರವಾಗುತ್ತಿದೆ, ದೇಶ ಮುಳುಗುತ್ತಿದೆ ಎಂದು ಕೂಗುವವರು ಈ ಅಂಕಿಯ ಮುಂದೆ ನಿಂತು ಮಾತಾಡಲಿ. ಗುಟ್ಟಾಗಿ ಮತಾಂತರವಾದವರು ಲೆಕ್ಕಕ್ಕೆ ಸಿಗುವುದಿಲ್ಲ ಎನ್ನುತ್ತಾರೆ. ಲೆಕ್ಕಕ್ಕೆ ಸಿಗದವರನ್ನು ನೀವು ಹೇಗೆ ಎಣಿಸಿದಿರಿ?

ಕರ್ನಾಟಕದ ಹೊಸದುರ್ಗದ ಕಥೆಯೇ ಸಾಕು. 2021ರ ಸೆಪ್ಟೆಂಬರಿನಲ್ಲಿ ಕ್ರೈಸ್ತರು ತಮ್ಮ ತಾಯಿಯನ್ನೇ ಮತಾಂತರ ಮಾಡಿದ್ದಾರೆಂದು ಅಲ್ಲಿನ ಶಾಸಕರು ವಿಧಾನಸಭೆಯಲ್ಲಿ ಹೇಳಿದರು. ರಾಜ್ಯವೆಲ್ಲ ಗದ್ದಲವಾಯಿತು, ಚರ್ಚುಗಳ ಸಮೀಕ್ಷೆಗೆ ಆದೇಶವಾಯಿತು. ಹೊಸದುರ್ಗದ ತಹಶೀಲ್ದಾರರು ಹಳ್ಳಿಗಳಲ್ಲಿ ವಿಚಾರಿಸಿ, ಬಲವಂತದ ಮತಾಂತರ ನಡೆದಿಲ್ಲವೆಂದು ವರದಿ ಕೊಟ್ಟರು. ಅದರ ಬೆನ್ನಲ್ಲೇ ಅವರಿಗೆ ವರ್ಗವಾಯಿತು. ಆದರೂ 2022ರಲ್ಲಿ ಕಾಯ್ದೆ ಬಂತು: ಮತ ಬದಲಿಸುವವರು ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು, ದಲಿತರನ್ನೋ ಹೆಂಗಸರನ್ನೋ ಆಮಿಷವೊಡ್ಡಿ ಮತಾಂತರಿಸಿದರೆ ಹತ್ತು ವರ್ಷದವರೆಗೆ ಸೆರೆ, ತಪ್ಪು ಮಾಡಿಲ್ಲವೆಂದು ರುಜುವಾತು ಮಾಡುವ ಹೊಣೆ ಆರೋಪಿಯ ತಲೆಗೇ. ದಲಿತನಿಗೂ ಹೆಣ್ಣಿಗೂ ಸ್ವಂತ ಬುದ್ಧಿಯಿಲ್ಲ ಎಂದು ಒಂದು ಶಾಸನಸಭೆ ಬರೆದುಕೊಟ್ಟ ಪತ್ರವಿದು.

ಆಮಿಷ ಎಂಬ ಪದವನ್ನು ನಾಲಗೆಯ ಮೇಲೆ ಇಟ್ಟುಕೊಳ್ಳುವ ಮೊದಲು 1950ರ ರಾಷ್ಟ್ರಪತಿಗಳ ಆದೇಶವನ್ನು ಓದಿ. ದಲಿತನೊಬ್ಬ ಕ್ರೈಸ್ತನಾದ ಕ್ಷಣವೇ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗೆ. ಆ ಪಟ್ಟಿಯ ಮೀಸಲಾತಿಯಿಲ್ಲ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯಿಲ್ಲ. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಆ ಆದೇಶಕ್ಕೆ ಸೇರಿಸಿದರು. ಕ್ರೈಸ್ತ ದಲಿತನಿಗೆ ಬಾಗಿಲು ಮುಚ್ಚಿಯೇ ಇದೆ. ಅಂದರೆ ಇದ್ದಲ್ಲೇ ಇರು, ಕೆಲಸ ಕೊಡುತ್ತೇನೆ, ಸೀಟು ಕೊಡುತ್ತೇನೆ ಎಂದು ಸರ್ಕಾರವೇ ಎಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಹೇಳುತ್ತಿದೆ. ಅಷ್ಟನ್ನೂ ಕಳೆದುಕೊಂಡು ಒಬ್ಬ ಶಿಲುಬೆಯ ಮುಂದೆ ಮೊಣಕಾಲೂರುತ್ತಾನಾದರೆ ಅವನನ್ನು ಅತ್ತ ದೂಡಿದ್ದು ಒಂದು ಚೀಲ ಅಕ್ಕಿಯಲ್ಲ. ಅವನ ಬೀದಿಗೆ ಹೋಗಿ ಕೇಳಿ, ದೇವಸ್ಥಾನದ ಯಾವ ಮೆಟ್ಟಿಲಲ್ಲಿ, ಯಾವ ಚಹಾದಂಗಡಿಯ ಯಾವ ಲೋಟದಲ್ಲಿ ಕಾರಣವಿದೆ ಎಂದು ಅವನೇ ಹೇಳುತ್ತಾನೆ. ನಮ್ಮ ಜಾತಿಯ ಹೊಲಸನ್ನು ನಾವು ತೊಳೆಯುವುದಿಲ್ಲ. ಅದನ್ನು ಬಿಟ್ಟು ಹೋದವನ ಮೇಲೆ ಸಿಟ್ಟು ಮಾಡುತ್ತೇವೆ, ಕೈಹಿಡಿದು ಕರೆದುಕೊಂಡವನ ಮೇಲೆ ಕೇಸು ಹಾಕುತ್ತೇವೆ. ಈ ದ್ವೇಷದ ಬೇರು ಇರುವುದು ಇಲ್ಲಿ.

ಇನ್ನು ಚರಿತ್ರೆ ಕೆದಕುವವರು. ಗೋವೆಯ ಇನ್‌ಕ್ವಿಸಿಷನ್ 1560ರಿಂದ 1812ರವರೆಗೆ ನಡೆಯಿತು, ಕ್ರೂರವಾಗಿತ್ತು, ನಿಜ. ಆದರೆ ಅದು ಹೆಚ್ಚಾಗಿ ಹಿಂಸಿಸಿದ್ದು ಯಾರನ್ನು? ಹೊಸದಾಗಿ ಕ್ರೈಸ್ತರಾಗಿಯೂ ಮನೆಯಲ್ಲಿ ಹಳೆಯ ಆಚಾರ ಬಿಡದವರನ್ನು. ಅದಕ್ಕೆ ಹೆದರಿ ಕೆನರಾಕ್ಕೆ ಓಡಿಬಂದವರಲ್ಲಿ ಗೌಡ ಸಾರಸ್ವತರಿದ್ದ ಹಾಗೆ ಕೊಂಕಣಿ ಕ್ಯಾಥೊಲಿಕರೂ ಇದ್ದರು. ಅವರ ಸಂತತಿಯವರನ್ನೇ ಇಂದು ಇನ್‌ಕ್ವಿಸಿಷನ್ನಿನ ಅಪರಾಧಿಗಳೆಂದು ನಿಲ್ಲಿಸುತ್ತೀರಿ. 1784ರಲ್ಲಿ ಟಿಪ್ಪು ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು ಕೆಡವಿಸಿದ, ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದ. ಟಿಪ್ಪು ಜಯಂತಿಯ ಜಗಳ ಬಂದಾಗಲೆಲ್ಲ ಆ ಕ್ರೈಸ್ತರಿಗಾಗಿ ಮರುಗುವವರು ನಮ್ಮಲ್ಲಿ ಬಹಳ. 2008ರ ಸೆಪ್ಟೆಂಬರ್ 14, ಭಾನುವಾರ, ಅದೇ ಮಿಲಾಗ್ರಿಸ್‌ನ ಮಗ್ಗುಲಿನ ಆರಾಧನಾ ಮಠಕ್ಕೆ ನುಗ್ಗಿ ಪರಮ ಪ್ರಸಾದದ ಪೆಟ್ಟಿಗೆ ಒಡೆದಾಗ ಆ ಮರುಕ ಎಲ್ಲಿತ್ತು? ಹೊರಜಗತ್ತಿನ ಗೊಡವೆ ಬಿಟ್ಟು ಪ್ರಾರ್ಥನೆಯಲ್ಲೇ ದಿನ ಕಳೆಯುವ ಧರ್ಮಭಗಿನಿಯರ ಮಠ ಅದು. ಅವರು ಯಾರನ್ನು ಮತಾಂತರಿಸಲು ಹೊರಟಿದ್ದರು? ಬಜರಂಗದಳದ ಅಂದಿನ ರಾಜ್ಯ ಸಂಚಾಲಕ ಮಹೇಂದ್ರ ಕುಮಾರ್ ದಾಳಿಯನ್ನು ಬಹಿರಂಗವಾಗಿಯೇ ಸಮರ್ಥಿಸಿದರು. 2011ರಲ್ಲಿ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗದ ಅಂತಿಮ ವರದಿ ಸರ್ಕಾರಕ್ಕೂ ಸಂಘ ಪರಿವಾರಕ್ಕೂ ಕ್ಲೀನ್ ಚಿಟ್ ಕೊಟ್ಟಿತು. ಮುಂದೆ ಆ ಸಂಘಟನೆಯಿಂದ ದೂರವಾದ ಮಹೇಂದ್ರ ಕುಮಾರ್ 2020ರಲ್ಲಿ ತೀರಿಕೊಳ್ಳುವ ತನಕ ಕೋಮುದ್ವೇಷದ ವಿರುದ್ಧವೇ ಮಾತಾಡಿದರು. ಒಳಗಿದ್ದು ಕಂಡು ಬಂದವನ ಮಾತಿಗಿಂತ ದೊಡ್ಡ ಸಾಕ್ಷ್ಯ ಯಾವುದು ಬೇಕು?

ಇಂಥ ಲೇಖನದಲ್ಲಿ ಈ ಹೊತ್ತಿಗೆ ಕಿಟೆಲರ ನಿಘಂಟು, ಮೋಗ್ಲಿಂಗರ ‘ಮಂಗಳೂರ ಸಮಾಚಾರ’, ಬಾಸೆಲ್ ಮಿಷನ್ನಿನ ಹೆಂಚು ಬರಬೇಕೆಂದು ಓದುಗರು ಕಾಯುತ್ತಿರಬಹುದು. ಆ ಉಪಕಾರ ನನಗೆ ಗೊತ್ತು, ದಿನವೂ ನಿಘಂಟು ತೆರೆಯುವವನು ನಾನು. ಆದರೆ ಅದನ್ನು ಇಲ್ಲಿ ತರುವುದಿಲ್ಲ. ಸಾಂತಾಕ್ರೂಜಿನ ಒಬ್ಬ ಕ್ರೈಸ್ತ ನರ್ಸಮ್ಮ ಈ ನಾಡಿನಲ್ಲಿ ನೆಮ್ಮದಿಯಾಗಿ ಬದುಕಬೇಕಾದರೆ ಜರ್ಮನಿಯ ಪಾದ್ರಿಯೊಬ್ಬ 1894ರಲ್ಲಿ ನಿಘಂಟು ಅಚ್ಚು ಹಾಕಿಸಿರಬೇಕೇ? ಉಪಕಾರದ ಪಟ್ಟಿ ತೋರಿಸಿ ಬದುಕುವ ಹಕ್ಕು ಬೇಡುವ ಗತಿ ನನಗೂ ಇಲ್ಲ, ನನ್ನ ಕ್ರೈಸ್ತ ನೆರೆಯವರಿಗೂ ಇಲ್ಲ.

ಬುಧವಾರ ಮಾಹಿಮಿನ ನೊವೇನಾಕ್ಕೆ, ಸೆಪ್ಟೆಂಬರಿನಲ್ಲಿ ಬಾಂದ್ರಾದ ಮೌಂಟ್ ಮೇರಿ ಜಾತ್ರೆಗೆ ಮೇಣದ ಬತ್ತಿ ಹಿಡಿದು ಹೋಗುವ ನಮ್ಮ ಬಂಟರನ್ನು, ಬಿಲ್ಲವರನ್ನು, ಮೊಗವೀರರನ್ನು ನಾನು ಕಂಡಿದ್ದೇನೆ. ಅವರನ್ನು ಯಾರೂ ಮತಾಂತರಿಸಲಿಲ್ಲ. ಹರಕೆ ಹೊತ್ತರು, ಕಾಯಿಲೆ ವಾಸಿಯಾದರೆ ಮರುವರ್ಷವೂ ಹೋದರು, ಊರಿಗೆ ಹೋದಾಗ ದೈವಕ್ಕೆ ಕೋಲವನ್ನೂ ಕೊಟ್ಟರು. ಅವರಿಗೆ ಗೊತ್ತಿರುವಷ್ಟು ಧರ್ಮ ನಮ್ಮ ಸಂಘಗಳ ಭಾಷಣಕಾರರಿಗೆ ಗೊತ್ತಿಲ್ಲ.

ಇನ್ನು ಆಗಬೇಕಾದ ಕೆಲಸ. 2012ರ ಇರ್ಲಾ ದೂರುಗಳನ್ನು ಕೊಟ್ಟವರು ವಾಪಸು ಪಡೆಯುವುದಾಗಿ ಎಲ್ಲರೆದುರು ಹೇಳಲಿ. 295ಎ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 299 ಎಂಬ ಹೊಸ ಸಂಖ್ಯೆ ಹೊತ್ತು ಕೂತಿದೆ. ಅದನ್ನು ಕಿತ್ತೊಗೆಯಿರೆಂದು ಕೇಳುವಾಗ ಕ್ರೈಸ್ತ ಸಂಘಟನೆಗಳೂ ನಮ್ಮ ಜೊತೆ ನಿಲ್ಲಲಿ, ಯಾಕೆಂದರೆ ನಾಳೆ ಆ ಕಲಂ ಅವರ ಪಾಸ್ಟರನ ಮೇಲೆಯೇ ಬೀಳುತ್ತದೆ. 2022ರ ಮತಾಂತರ ಕಾಯ್ದೆಯನ್ನು ರದ್ದು ಮಾಡುವುದಾಗಿ 2023ರ ಜೂನ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ತೀರ್ಮಾನಿಸಿತು. ಮುಂಬಯಿಯ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಮಂತ್ರಿಗಳನ್ನು ಕರೆಸಿ ಶಾಲು ಹೊದಿಸುತ್ತವಲ್ಲ, ಮುಂದಿನ ಸಲ ಶಾಲು ಹೊದಿಸುವ ಮೊದಲು ಆ ತೀರ್ಮಾನ ಏನಾಯಿತೆಂದು ಕೇಳಲಿ. ವೇದಿಕೆಯ ಮೇಲೆಯೇ, ಮೈಕಿನಲ್ಲಿಯೇ ಕೇಳಲಿ.