ಸದ್ದು ಯಾರ ಹೆಸರಿನಲ್ಲಿ?

ನಮ್ಮ ಮನೆಯ ಕಾರು ನನ್ನ ಹೆಸರಿನಲ್ಲಿದೆ. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ಸಾಲ ನನ್ನ ಸಂಬಳದ ಮೇಲೆ ಸಿಕ್ಕಿತು, ಆರ್‌ಸಿಯಲ್ಲಿ ನನ್ನ ಹೆಸರು ಕೂತಿತು, ಅಷ್ಟೆ. 1.2 ಲೀಟರಿನ ಪೆಟ್ರೋಲ್ ಎಂಜಿನ್ನಿನ ಸಣ್ಣ ಕಾರು. ಶಿವಮೊಗ್ಗದೊಳಗೆ ಮದುವೆ ಮುಂಜಿಗೆ, ಆಸ್ಪತ್ರೆಗೆ, ವರ್ಷಕ್ಕೆರಡು ಸಲ ಆಗುಂಬೆ ಘಾಟಿ ಇಳಿದು ತವರಿಗೆ ಹೋಗುವುದಕ್ಕೆ ಅದು ಧಾರಾಳವಾಗಿ ಸಾಕು ಎಂದುಕೊಂಡಿದ್ದೆ. ಮೊನ್ನೆ ಮಗರಾಯ ಊಟಕ್ಕೆ ಕೂತವನು, ಅನ್ನಕ್ಕೆ ಸಾರು ಕಲಸುತ್ತಾ, "ಅಮ್ಮಾ, ನಮ್ಮ ಕಾರಿಗೆ ಉಸಿರೇ ಕಟ್ಟಿದೆ. ಕಂಪನಿಯವರು ಮೂಗು ಬಿಗಿದು ಕೊಟ್ಟಿದಾರೆ. ಏರ್ ಫಿಲ್ಟರು, ಸೈಲೆನ್ಸರು ಎರಡೂ ಚೇಂಜ್ ಮಾಡಿಸಿದ್ರೆ ಎಂಜಿನ್ ಫ್ರೀ ಆಗತ್ತೆ" ಎಂದ. ಖರ್ಚು ಕೇವಲ 38,000 ರೂಪಾಯಿ. ಕಾರಿಗೆ ಬಿಡುಗಡೆ ಕೊಡಿಸಲು ಅವನಿಗಿದ್ದ ಆತುರ ಕಂಡು, ಈ ಮನೆಯಲ್ಲಿ ನನಗೆ ಇಷ್ಟು ಬೇಗ ಯಾರೂ ಬಿಡುಗಡೆ ಕೊಡಿಸಲಿಲ್ಲವಲ್ಲ ಎಂದು ಒಂದು ಕ್ಷಣ ಹೊಟ್ಟೆಕಿಚ್ಚಾಯಿತು.

ನಾನು ಎರಡು ಪ್ರಶ್ನೆ ಕೇಳಿದ್ದೇ ತಡ, ನಮ್ಮನೆಯವರು ಮಜ್ಜಿಗೆಯ ಲೋಟ ಕೆಳಗಿಟ್ಟು, "ಅದೆಲ್ಲ ನಿಂಗೆ ಅರ್ಥ ಆಗಲ್ಲ ಬಿಡು" ಎಂದರು. ನನ್ನ ಜಗಳ ಶುರುವಾಗುವುದು ಇಲ್ಲಿಂದ.

ಹಸಿ ಕಟ್ಟಿಗೆಯ ಮುಂದೆ ಕೂತು ಊದುಕೊಳವೆ ಹಿಡಿದವರಿಗೆ ಎಂಜಿನ್ನು ಅರ್ಥವಾಗುವುದಿಲ್ಲವೆ? ಎಂಜಿನ್ನೆಂದರೂ ಒಂದು ಒಲೆಯೇ. ಗಾಳಿ ಒಳಗೆ ಬರಬೇಕು, ಉರಿಯಬೇಕು, ಹೊಗೆ ಹೊರಗೆ ಹೋಗಬೇಕು. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಮುಂದೆ ಅಸ್ತ್ರ ಒಲೆ ಮಾಡಿದರಲ್ಲ, ಅದು ನಮ್ಮ ಅತ್ತೆಯವರ ಅಡಿಗೆಮನೆಗೂ ಬಂದಿತ್ತು. ಕಟ್ಟಿಗೆ ಉಳಿಯಿತು, ಕಣ್ಣುರಿ ನಿಂತಿತು. ಅದರ ಗುಟ್ಟು ಸಿಕ್ಕಾಪಟ್ಟೆ ಗಾಳಿ ನುಗ್ಗಿಸುವುದರಲ್ಲಿ ಇರಲಿಲ್ಲ, ಬೇಕಾದಷ್ಟೇ ಗಾಳಿಯನ್ನು ಬೇಕಾದ ದಾರಿಯಲ್ಲಿ ಬಿಡುವುದರಲ್ಲಿತ್ತು. ಒಲೆಯ ಬಾಯನ್ನು ಸುಮ್ಮನೆ ದೊಡ್ಡದು ಮಾಡಿದರೆ ಅನ್ನ ಬೇಗ ಬೇಯುವುದಿಲ್ಲ ಎಂದು ನಮ್ಮ ಅತ್ತೆಯವರಿಗೆ ಯಾವ ಕಾಲೇಜೂ ಕಲಿಸಬೇಕಾಗಿರಲಿಲ್ಲ.

ಹಾಗಾಗಿ ಮಗನ ಜೊತೆ ನಾನೂ ಅಂಗಡಿಗೆ ಹೋದೆ. ಬಾನೆಟ್ ಎತ್ತಿಸಿದೆ. ಅಲ್ಲೊಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸೀರೆಯ ನೆರಿಗೆಯಂತೆ ಮಡಿಸಿದ ಕಾಗದದ ಫಿಲ್ಟರು. ಇದೇ ಕಂಪನಿಯವರು ಬಿಗಿದ ಮೂಗಂತೆ! ನೋಡಿದರೆ ಆ ಡಬ್ಬಿಯ ಬಾಯಿ ಕಾರಿನ ಮುಂಭಾಗಕ್ಕಿದೆ, ಹೊರಗಿನ ತಣ್ಣನೆಯ ಗಾಳಿ ಎಳೆದುಕೊಳ್ಳಲೆಂದು. ಎಂಜಿನ್ನು ಗಾಳಿ ಎಳೆಯುವ ಗೊರಗೊರ ಸದ್ದನ್ನು ಅಡಗಿಸುವುದೂ ಆ ಡಬ್ಬಿಯದೇ ಕೆಲಸ. ಅದನ್ನು ಕಿತ್ತು ಅಲ್ಲಿ ಕೂರಿಸಬೇಕೆಂದಿದ್ದುದು ಕೆಂಪು ಬಣ್ಣದ, ಶಂಕುವಿನ ಆಕಾರದ, ಮೈತೆರೆದ ಫಿಲ್ಟರು. ಬಾನೆಟ್ಟಿನೊಳಗೆ ಕೂತ ಅದು ಎಳೆಯುವುದು ಎಂಜಿನ್ನು ಕಾಯಿಸಿದ ಬಿಸಿಗಾಳಿಯನ್ನೇ. ಬಿಸಿಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ. ತಂಪು ಗಾಳಿಗೆಂದು ಉದ್ದ ಪೈಪನ್ನು ಬಂಪರಿನ ಹತ್ತಿರ ಇಳಿಸುವ ಇನ್ನೊಂದು ಬಗೆಯೂ ಇದೆಯಂತೆ. ಮಲೆನಾಡಿನ ಆಷಾಢದಲ್ಲಿ, ರಸ್ತೆಯ ಮೇಲೆ ಮೊಣಕಾಲು ನೀರು ನಿಂತಾಗ, ಆ ಪೈಪು ಗಾಳಿಯ ಬದಲು ನೀರನ್ನು ಎಳೆದುಕೊಂಡರೆ? ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಒಳಗಿನ ಕನೆಕ್ಟಿಂಗ್ ರಾಡು ಬಗ್ಗಿ ಎಂಜಿನ್ನೇ ಹೋಗುತ್ತದೆ. ಇನ್ನು ಎಣ್ಣೆ ಸವರಿದ ಹತ್ತಿಯ ಫಿಲ್ಟರುಗಳು: ಎಣ್ಣೆ ಹೆಚ್ಚಾದರೆ, ಗಾಳಿ ಅಳೆಯುವ ತಂತಿಯ ಸೆನ್ಸರ್ ಇರುವ ಕಾರುಗಳಲ್ಲಿ ಅದಕ್ಕೇ ಮೆತ್ತಿಕೊಳ್ಳುತ್ತದೆ.

"ಆದ್ರೂ ಗಾಳಿ ಜಾಸ್ತಿ ಹೋಗತ್ತಲ್ಲಮ್ಮಾ" ಎಂದ ಮಗ. ಹೋಗುತ್ತದೆ, ಆದರೆ ಯಾವಾಗ? ತಾರಸಿಯ ಮೇಲಿನ ಟ್ಯಾಂಕಿಯಿಂದ ಬರುವ ಪೈಪನ್ನು ಎಷ್ಟೇ ದಪ್ಪ ಮಾಡಿಸಿ, ಕೆಳಗೆ ನಲ್ಲಿಯನ್ನು ಕಾಲುಭಾಗ ತಿರುಗಿಸಿದರೆ ನೀರು ಬರುವುದು ಕಾಲುಭಾಗದಷ್ಟೇ. ಕಾರಿನಲ್ಲಿ ಆ ನಲ್ಲಿಯ ಹೆಸರು ಥ್ರಾಟಲ್. ಗಾಂಧಿ ಬಜಾರಿನ ಜನಸಂದಣಿಯಲ್ಲಿ ಅದನ್ನು ಪೂರ್ತಿ ತೆರೆಯುವ ಧೈರ್ಯ ಯಾರಿಗಿದೆ? ಇಂಥ ಸಣ್ಣ ಎಂಜಿನ್ನುಗಳು ತಮ್ಮ ಪೂರ್ತಿ ಶಕ್ತಿ ತೋರಿಸುವುದು ನಿಮಿಷಕ್ಕೆ 6,000 ಸುತ್ತಿನ ಆಸುಪಾಸಿನಲ್ಲಿ. ಊರೊಳಗೆ ನಾವು ಓಡಿಸುವುದು ಅದರ ಮೂರನೇ ಒಂದು ಭಾಗದಲ್ಲಿ. ತುದಿ ಮುಟ್ಟುವಷ್ಟು ಒತ್ತಿದಾಗ ನಾಲ್ಕೈದು ಎಚ್‌ಪಿ ಸಿಕ್ಕರೆ ಅದೇ ದೊಡ್ಡದು. ಮೈಲೇಜಿನ ಆಸೆಯೂ ಬೇಡ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷೆ ಮಾಡಿ ನೋಡಿದಾಗ, ಫಿಲ್ಟರು ಧೂಳಿನಿಂದ ಕಟ್ಟಿಕೊಂಡರೂ ಹೊಸಕಾಲದ ಕಾರುಗಳಲ್ಲಿ ಮೈಲೇಜು ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಪೂರ್ತಿ ಒತ್ತಿದಾಗ ವೇಗ ಏರುವುದು ಮಾತ್ರ ನಿಧಾನವಾಯಿತು.

ಇನ್ನು ಸೈಲೆನ್ಸರು. ಎಂಜಿನ್ನಿನ ಹೊಗೆ ನೇರವಾಗಿ ಬಾಲಕ್ಕೆ ಬರುವುದಿಲ್ಲ. ಮೊದಲು ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಜೇನುಹುಟ್ಟಿನಂಥ ಗೂಡನ್ನು ದಾಟುತ್ತದೆ. ಪ್ಲಾಟಿನಂ, ಪೆಲ್ಲಾಡಿಯಂ, ರೋಡಿಯಂ ಲೇಪಿಸಿದ ಆ ಗೂಡು ಕಾರ್ಬನ್ ಮಾನಾಕ್ಸೈಡನ್ನೂ ಅರೆಬೆಂದ ಪೆಟ್ರೋಲಿನ ಆವಿಯನ್ನೂ ನೈಟ್ರೋಜನ್ ಆಕ್ಸೈಡುಗಳನ್ನೂ ಕಡಿಮೆ ವಿಷದ ಅನಿಲಗಳಾಗಿ ಮಾಡುತ್ತದೆ. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದ್ದು ಮಕ್ಕಳ ಶ್ವಾಸಕೋಶ ಉಳಿಯಲೆಂದು. ಅಂಗಡಿಯಾತ ತೋರಿಸಿದ ದುಬಾರಿ ಕಿಟ್ಟಿನಲ್ಲಿ ಈ ಗೂಡೇ ಇರಲಿಲ್ಲ, ಖಾಲಿ ಪೈಪು. ಪೈಪು ದಪ್ಪಗಿದ್ದಷ್ಟೂ ಒಳ್ಳೆಯದೆಂಬುದೂ ಭ್ರಮೆ. ಅತಿ ದಪ್ಪವಾದರೆ ಹೊಗೆಯ ಓಟ ಮಂದವಾಗಿ, ಎಂಜಿನ್ನು ನಿಧಾನ ತಿರುಗುವಾಗಿನ ಎಳೆತವೇ ತಗ್ಗುತ್ತದೆ. ಆಗುಂಬೆಯ 14 ತಿರುವುಗಳಲ್ಲಿ, ಹಿಂದಿನ ಸೀಟಿನಲ್ಲಿ ಅತ್ತೆಯವರನ್ನೂ ಹಲಸಿನಕಾಯಿಯನ್ನೂ ಕೂರಿಸಿಕೊಂಡು ಹತ್ತುವಾಗ ನಮಗೆ ಬೇಕಾದ ಎಳೆತ ಅದೇ.

ಇಷ್ಟನ್ನೂ ಕೇಳಿಸಿಕೊಂಡು ಅಂಗಡಿಯಾತ ನಕ್ಕುಬಿಟ್ಟ. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. "ಅಕ್ಕಾ, ಪಿಕಪ್ ಅಷ್ಟೇನೂ ಜಾಸ್ತಿ ಆಗಲ್ಲ. ಆದ್ರೆ ಸೌಂಡ್ ಸಕತ್ತಾಗಿ ಬರತ್ತೆ."

ನೋಡಿ, ನಿಜ ಹೊರಬಿತ್ತು. 38,000 ರೂಪಾಯಿ ಸದ್ದಿಗೆ. ಕಾರು ವೇಗವಾಗಿ ಹೋಗುವುದಿಲ್ಲ, ವೇಗವಾಗಿ ಹೋಗುತ್ತಿದೆಯೆಂದು ಊರಿಗೆಲ್ಲ ಅನ್ನಿಸುತ್ತದೆ. ಪಾತ್ರೆ ಜೋರಾಗಿ ಕುಕ್ಕಿದ ಮಾತ್ರಕ್ಕೆ ಅಡಿಗೆ ರುಚಿಯಾಯಿತು ಎನ್ನುವವಳನ್ನು ನೀವು ಏನೆನ್ನುತ್ತೀರಿ?

ನಾನೂ ಸಾಚಾ ಅಲ್ಲ. ಎರಡು ವರ್ಷದ ಹಿಂದೆ ಇದೇ ಮಗನ ಬೈಕಿಗೆ ಗುಡುಗುವ ಸೈಲೆನ್ಸರ್ ಹಾಕಿಸಲು ದುಡ್ಡು ಕೊಟ್ಟವಳು ನಾನೇ. ಹುಡುಗ, ಆಸೆಪಡುತ್ತಾನೆ ಎಂದು. ಒಂದು ಮಧ್ಯಾಹ್ನ ಎದುರು ಮನೆಯ ಬಾಣಂತಿಯ ತಾಯಿ ನಮ್ಮ ಬಾಗಿಲಲ್ಲಿ ನಿಂತರು. ಬೈಯಲಿಲ್ಲ. "ಮಗು ಈಗಷ್ಟೇ ಮಲಗಿತ್ತು" ಎಂದಷ್ಟೇ ಹೇಳಿ ಹೋದರು. ಆ ಮನೆಯಲ್ಲಿ ಎರಡು ತಿಂಗಳಿಂದ ಯಾರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ ಎಂದು ನನಗೆ ಗೊತ್ತಿತ್ತು. ಕೊಟ್ಟ ದುಡ್ಡು ನನ್ನದು, ಎಚ್ಚರವಾದದ್ದು ಅವರ ಮಗು. ಆ ಸಂಜೆಯೇ ಹಳೆಯ ಸೈಲೆನ್ಸರನ್ನು ಮತ್ತೆ ಹಾಕಿಸಿದೆವು. ಆದರೆ ಆಕೆಯ ಮುಖವನ್ನು ನೇರವಾಗಿ ನೋಡಲು ನನಗೆ ಬಹಳ ದಿನ ಹಿಡಿಯಿತು.

"ಗಣಪತಿ ಮೆರವಣಿಗೇಲಿ ಡಿಜೆ ಹಾಕಲ್ವಾ? ಟ್ರ್ಯಾಕ್ಟರ್ ಸದ್ದು ಮಾಡಲ್ವಾ? ನಾನೊಬ್ಬನೇ ಕಂಡ್ನಾ?" ಎಂಬ ವಾದವೂ ಬಂತು. ಮೆರವಣಿಗೆ ವರ್ಷಕ್ಕೊಮ್ಮೆ, ಅದಕ್ಕೂ ಬೇಸರಪಡುವವರಿದ್ದಾರೆ. ಟ್ರ್ಯಾಕ್ಟರು ಗೊಬ್ಬರ ಹೊರುತ್ತದೆ. ನಿನ್ನ ಸದ್ದು ಏನು ಹೊರುತ್ತದಪ್ಪಾ? ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. 10 ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಸುಮಾರು ಎರಡು ಪಟ್ಟು. ಯಂತ್ರದ ಮೋಹ ತಪ್ಪೆಂದು ನಾನು ಹೇಳುವವಳಲ್ಲ. ಆ ಹುಚ್ಚಿಗೆ ಕೊಯಮತ್ತೂರಿನಲ್ಲಿ, ಚೆನ್ನೈ ಹತ್ತಿರ ರೇಸಿನ ಟ್ರ್ಯಾಕುಗಳಿವೆ. ಅಲ್ಲಿ ಗುಡುಗಲಿ, ಸಿಡಿಯಲಿ. ನಮ್ಮ ಬೀದಿ ರೇಸಿನ ಟ್ರ್ಯಾಕಲ್ಲ.

ಕಡೆಗೆ ಕಾನೂನಿನ ಮಾತು. ಅಕ್ಕತಂಗಿಯರೇ, ಇದನ್ನು ಮಾತ್ರ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಿ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳದ ಪ್ರಕರಣವೊಂದರಲ್ಲಿ, ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಯಾರಿಗೆ? ವಾಹನದ ಮಾಲೀಕರಿಗೆ. ಎಂದರೆ ಸ್ಟೀರಿಂಗ್ ಹಿಡಿದು ಗುಡುಗಿಸಿದವನಿಗೆ ಚಪ್ಪಾಳೆ, ಆರ್‌ಸಿಯಲ್ಲಿ ಹೆಸರಿದ್ದವಳಿಗೆ ನೋಟೀಸು. ತೆರಿಗೆ, ಸಾಲ, ಸಬೂಬುಗಳಿಗಾಗಿ ಎಷ್ಟು ಮನೆಗಳಲ್ಲಿ ಕಾರು ಹೆಂಡತಿಯ, ತಾಯಿಯ ಹೆಸರಿನಲ್ಲಿಲ್ಲ ಹೇಳಿ. ಕಾಗದಕ್ಕೆ ಹೆಸರು ಬೇಕು, ಬಾನೆಟ್ ಎತ್ತುವಾಗ ಮಾತ್ರ "ನಿಂಗೆ ಅರ್ಥ ಆಗಲ್ಲ"!

ಆದ್ದರಿಂದ ಯಾರಾದರೂ ನಿಮ್ಮ ಕಾರಿಗೆ ಹೊಸ ಮೂಗು, ಹೊಸ ಬಾಲ ಹಚ್ಚಲು ಬಂದರೆ ಕೇಳಿ: ಈ ಫಿಲ್ಟರು ಗಾಳಿ ಎಳೆಯುವುದು ಎಲ್ಲಿಂದ? ಮಳೆಗಾಲದಲ್ಲಿ ಇದರ ಬಾಯಿ ಎಷ್ಟು ಎತ್ತರದಲ್ಲಿರುತ್ತದೆ? ಕನ್ವರ್ಟರ್ ಹಾಗೇ ಉಳಿಯುತ್ತದೆಯೇ? ಎಂಜಿನ್ನಿಗೆ ತೊಂದರೆಯಾದರೆ ವಾರಂಟಿ ಸಿಗುತ್ತದೆಯೇ? ಇದು ಕಾನೂನಿಗೆ ಒಪ್ಪಿಗೆ ಎಂದು ಬಿಲ್ಲಿನ ಮೇಲೆ ಬರೆದು ಸಹಿ ಹಾಕುತ್ತೀರಾ? ಕೊನೆಯ ಪ್ರಶ್ನೆಗೆ ನಮ್ಮ ಅಂಗಡಿಯಾತ ಪೆನ್ನು ಹುಡುಕಲೇ ಇಲ್ಲ.

ನಾವು ಅಂದು ಕೆಲವೇ ನೂರು ರೂಪಾಯಿಗೆ ಕಂಪನಿಯದೇ ಹೊಸ ಕಾಗದದ ಫಿಲ್ಟರ್ ಹಾಕಿಸಿದೆವು. ಹಳೆಯದನ್ನು ಕೊಡವಿದರೆ ಕೆಂಪು ಧೂಳು, ಒಣಗಿದ ಎಲೆ, ಒಂದು ಸತ್ತ ದುಂಬಿ. ಉಸಿರು ಕಟ್ಟಿದ್ದು ನಿಜವೇ, ಆದರೆ ಕಟ್ಟಿದ್ದು ಕಂಪನಿಯಲ್ಲ, ನಮ್ಮ ಉದಾಸೀನ. ಟೈರುಗಳಿಗೆ ಸರಿಯಾಗಿ ಗಾಳಿ ಹಾಕಿಸಿ, ಸ್ಪಾರ್ಕ್ ಪ್ಲಗ್ಗುಗಳನ್ನೂ ನೋಡಿಸಿದೆವು. ಬರುವಾಗ ಮಗನೇ ಓಡಿಸಿದ. ಮುಖ ಇನ್ನೂ ಊದಿಕೊಂಡೇ ಇತ್ತು. ಬೀದಿಯ ತಿರುವಿನಲ್ಲಿ ತಾನಾಗಿಯೇ ನಿಧಾನ ಮಾಡಿ, "ಪಿಕಪ್ ಪರವಾಗಿಲ್ಲ, ಆದ್ರೆ ಒಂಚೂರೂ ಸದ್ದಿಲ್ಲ" ಎಂದು ಗೊಣಗಿದ. ಎದುರು ಮನೆಯ ಅಂಗಳದಲ್ಲಿ, ಅಂದು ಬೆಚ್ಚಿ ಎದ್ದಿದ್ದ ಆ ಮಗು ಈಗ ನಡೆಯುತ್ತಾ ಬಂದು ಗೇಟು ಹಿಡಿದು ನಿಂತಿತ್ತು. ನಮ್ಮ ಕಾರು ಒಳಗೆ ಹೋದದ್ದನ್ನು ಅದು ತಿರುಗಿಯೂ ನೋಡಲಿಲ್ಲ.