ಆಟದ ಕೀಲಿ, ಗಲ್ಲಾಪೆಟ್ಟಿಗೆಯ ಕೀಲಿ

ಅಕ್ಕಲಕೋಟೆ ಪೇಟೆಯಲ್ಲಿ ತೊಗರಿ ವ್ಯಾಪಾರ ಮಾಡುವ ಗೆಳೆಯರೊಬ್ಬರು ಹೋದ ತಿಂಗಳು ಕೇಳಿದರು: "ಹುಡುಗ ಮೊಬೈಲಿನ್ಯಾಗ ಆಟ ಆಡ್ತಾನ. ಅದರ ಪಾಸ್‌ವರ್ಡ್ ಹೋದರ ನಮ್ದೇನ್ ಹೋಗ್ತದ್ರೀ?" ನಾನೂ ಮೊದಲು ಹಾಗೇ ಅಂದುಕೊಂಡವನು. ವಿಚಾರಿಸಿದರೆ, ಹುಡುಗ ಆಟಕ್ಕೆ ಕೊಟ್ಟದ್ದು ಅಪ್ಪನ ಇಮೇಲು. ಪಾಸ್‌ವರ್ಡೂ ಅಪ್ಪನದೇ, ಅಂಗಡಿಯ ಹೆಸರಿನ ಮುಂದೆ 123. ಅಡತಿಯ ಲೆಕ್ಕಪತ್ರವೆಲ್ಲ ಬರುವುದು ಅದೇ ಇಮೇಲಿಗೆ!

ಮೈನ್‌ಕ್ರಾಫ್ಟ್ ಆಟ ಮಕ್ಕಳಿಗೆ ಗೊತ್ತು. ಅದನ್ನು ಮೊಬೈಲಿನಲ್ಲಿ ಕೂಡಿ ಆಡಲು ಲೈಫ್‌ಬೋಟ್ ಎಂಬ ಬಳಗ ಸರ್ವರು ನಡೆಸುತ್ತಿತ್ತು. 2016ರ ಜನವರಿಯಲ್ಲಿ ಅಲ್ಲಿಂದ ಸುಮಾರು 70 ಲಕ್ಷ ಖಾತೆಗಳ ಇಮೇಲು, ಪಾಸ್‌ವರ್ಡು ಕಳವಾದವು. ನಡೆಸುವವರು ಸದ್ದಿಲ್ಲದೆ ಪಾಸ್‌ವರ್ಡ್ ಬದಲಿಸಲು ಹಚ್ಚಿದರು, ಕಳವಾಗಿದೆ ಅಂತ ಮಾತ್ರ ಹೇಳಲಿಲ್ಲ. ಏಪ್ರಿಲ್‌ನಲ್ಲಿ ಆಸ್ಟ್ರೇಲಿಯದ ಟ್ರಾಯ್ ಹಂಟ್ ಹೊರಗೆಡಹಿದ ಮೇಲೆ ಲೋಕಕ್ಕೆ ತಿಳಿಯಿತು. ಇದೇನು ಬ್ಯಾಂಕಲ್ಲ, ಚಿಕ್ಕ ಪಾಸ್‌ವರ್ಡ್ ಇರಲಿ ಎಂಬರ್ಥದ ಸಲಹೆಯನ್ನೂ ಇದೇ ಬಳಗ ಕೊಟ್ಟಿತ್ತು.

ಪಾಸ್‌ವರ್ಡನ್ನು ಅವರು ಇದ್ದ ಹಾಗೇ ಇಟ್ಟಿರಲಿಲ್ಲ, ಎಂಡಿ5 ಎಂಬ ಗಿರಣಿಯಲ್ಲಿ ಬೀಸಿ ಇಟ್ಟಿದ್ದರು. ಹಿಟ್ಟಿನಿಂದ ಜೋಳ ತಿರುಗಿ ಬರೋದಿಲ್ಲ, ಖರೆ. ಆದರೆ ಈ ಗಿರಣಿಯಲ್ಲಿ ಒಂದು ಕಾಳಿಗೆ ಯಾವಾಗಲೂ ಒಂದೇ ಹಿಟ್ಟು. ಕಳ್ಳರು ಜನ ಬಳಸುವ ಪದಗಳನ್ನೆಲ್ಲ ಮೊದಲೇ ಬೀಸಿಟ್ಟುಕೊಂಡು ಹೋಲಿಸಿ ನೋಡುತ್ತಾರೆ. ಅದಕ್ಕೇ ಬಲ್ಲವರು ಒಬ್ಬೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಉಪ್ಪು ಬೆರೆಸಿ ಬೀಸುವುದು. (ಆ ವಿದ್ಯೆಯಲ್ಲೂ ಅದಕ್ಕೆ ಉಪ್ಪು ಅಂತಲೇ ಹೆಸರು.) ಲೈಫ್‌ಬೋಟಿನವರು ಉಪ್ಪು ಹಾಕಿರಲಿಲ್ಲ. ಸಿಕ್ಕ ಕೀಲಿಯನ್ನು ಕಳ್ಳರು ಇಮೇಲಿನ ಬಾಗಿಲಿಗೂ ಹಚ್ಚಿ ನೋಡುತ್ತಾರೆ. ಅದು ತೆರೆದರೆ ಮುಗೀತು, ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ಪತ್ರವೂ ಅಲ್ಲಿಗೇ ಬರುತ್ತದಲ್ಲ!

ಕಳವಿಗಿಂತ ಮುಚ್ಚಿಟ್ಟದ್ದೇ ದೊಡ್ಡ ತಪ್ಪು ಎಂದು ನನ್ನ ಅಭಿಪ್ರಾಯ. ನಮ್ಮ ಸಂಸತ್ತು 2023ರಲ್ಲಿ ಮಾಡಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ, ಮಾಹಿತಿ ಸೋರಿದರೆ ಸಂಬಂಧಪಟ್ಟವರಿಗೆ ತಿಳಿಸಬೇಕು ಎನ್ನುತ್ತದೆ. ಒಪ್ಪಿಗೆ ಕೇಳುವ ಸೂಚನೆ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಸಿಗಬೇಕು ಎನ್ನುತ್ತದೆ. ಹಾಗಿದ್ದರೆ ಸೋರಿದ ಸುದ್ದಿಯೂ ಕನ್ನಡದಲ್ಲಿ, ಮರಾಠಿಯಲ್ಲಿ ಬರಲಿ. ಇಂಗ್ಲಿಷಿನಲ್ಲಿ ಬಂದರೆ ನಮ್ಮ ಅಡತಿಯವರು ಅದನ್ನು ಜಾಹೀರಾತು ಅಂತ ಅಳಿಸಿಬಿಡುತ್ತಾರೆ.

ಗೆಳೆಯರೂ ನಾನೂ ಅಂದೇ ಕೂತು ಇಮೇಲಿನ ಪಾಸ್‌ವರ್ಡ್ ಬದಲಿಸಿದೆವು. ಮೊಬೈಲಿಗೆ ಸಂಕೇತ ಬಂದ ಮೇಲೆಯೇ ತೆರೆಯುವ ಹಾಗೆ ಎರಡನೇ ಅಗುಳಿಯನ್ನೂ ಹಾಕಿದೆವು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಇಡಿ ಅಂದೆ. ಎರಡು ಕನ್ನಡದವು, ಎರಡು ಮರಾಠಿಯವು ಇಟ್ಟರಂತೆ. ಯಾವುವು ಅಂತ ನನಗೂ ಹೇಳಲಿಲ್ಲ.