ಉರಿದ್ರೇನೇ ಒಳ್ಳೇದು ಅನ್ನೋ ಮಾತು ಬಿಡಿ

ಗಂಡಸ್ರ ಗಡ್ಡದ ವಿಷ್ಯ ನಮಗ್ಯಾಕೆ ಅಂತ ಕೇಳ್ಬೇಡಿ ಅಕ್ಕಂದಿರೆ. ತಿಂಗಳ ಸಾಮಾನಿನ ಚೀಟಿ ಬರೆಯೋರು ನಾವು. ಬ್ಲೇಡು, ಕ್ರೀಮು, ಆಮೇಲೆ ಮುಖಕ್ಕೆ ಹಚ್ಕಳೋ ಬಾಟ್ಲು, ಎಲ್ಲಾ ನಮ್ಮ ಚೀಟೀಲೇ ಬರೋದು. ಕತ್ತು ಕೆಂಪಗಾಗಿ ಉರಿ ಬಂದ್ರೆ "ಏನಾದ್ರೂ ಹಚ್ಚೇ" ಅಂತ ಕರೆಯೋದೂ ನಮ್ಮನ್ನೇ. ಅದಕ್ಕೇ ಈ ಸಲ ಇದನ್ನೇ ಬರೀತಿದೀನಿ. ನಾನು ಹೇಳೋದಿಷ್ಟೇ. ಶೇವಿಂಗ್ ಆದ್ಮೇಲೆ ಹಚ್ಚೋಕೆ ನಮ್ಮ ಹಳೇ ಪದಾರ್ಥಗಳೇ ಸಾಕು, ಘಮಘಮ ಅನ್ನೋ ಬಾಟ್ಲು ಬೇಕಿಲ್ಲ. ಆದ್ರೆ ಹಳೇದೆಲ್ಲಾ ಒಳ್ಳೇದು ಅಂತ ಕಣ್ಮುಚ್ಕಂಡು ಹಚ್ಚೋದೂ ತಪ್ಪು. ಈ ಎರಡನೇ ಮಾತನ್ನ ನಾನು ಕಲಿತಿದ್ದು ನಮ್ಮೆಜಮಾನ್ರ ಕತ್ತಿನ ಮೇಲೆ. ಅದಕ್ಕೇ ಮರೆಯೋಕಾಗಲ್ಲ.

ನಮ್ಮೆಜಮಾನ್ರು ಪೀಣ್ಯದಲ್ಲಿ ಮಿಷಿನ್ ಶಾಪಿನಲ್ಲಿ ಕೆಲಸ ಮಾಡ್ತಾರೆ, ನಿಮಗೆಲ್ಲಾ ಗೊತ್ತು. ಕಬ್ಬಿಣ ಕೊರೆಯೋವಾಗ ಕಾಯಬಾರದು ಅಂತ ಹಾಲಿನ ಬಣ್ಣದ ಕೂಲೆಂಟ್ ಬಿಡ್ತಾರೆ. ನೀರಿಗೆ ಎಣ್ಣೆ ಬೆರೆಯೋ ಹಂಗೆ ಮಾಡಿರೋ ದ್ರವ ಅದು. ದಿನಾ ತುಂತುರು ಹಾರಿ ಕೈ, ಕತ್ತು, ಕೆನ್ನೆ ಮೇಲೆ ಬೀಳ್ತಾನೇ ಇರ್ತದೆ. ಚರ್ಮದಲ್ಲಿರೋ ಸ್ವಂತ ಜಿಡ್ಡನ್ನ ಅದು ತೆಗೆದುಬಿಡುತ್ತೆ. ಬ್ಲೇಡು ಮಾಡೋದೂ ಅದೇ ಕೆಲಸ, ಕೂದಲಿನ ಜೊತೆ ಚರ್ಮದ ಮೇಲಿನ ತೆಳು ಪದರಾನೂ ಕೆರೆದುಕೊಂಡು ಹೋಗುತ್ತೆ. ಇವರು ಬೆಳಿಗ್ಗೆ ಐದಕ್ಕೆ ಎದ್ದು ಗಡ್ಡ ಕೆರ್ಕಂಡು, ಬಾಟ್ಲಲ್ಲಿರೋದನ್ನ ಪಟಪಟ ಅಂತ ಬಡ್ಕಂಡು, ಆರು ಗಂಟೆ ಶಿಫ್ಟಿಗೆ ಹೋಗಿ ಮಿಷಿನ್ ಮುಂದೆ ನಿಂತ್ರೆ ಆ ಚರ್ಮ ಏನಾಗಬೇಕು ಹೇಳಿ.

ಹೋದ ವರ್ಷ ಬೇಸಿಗೇಲಿ ಕತ್ತಿನ ಸುತ್ತ ಕೆಂಪು ಗುಳ್ಳೆ ಎದ್ವು. ನಾನು ದೊಡ್ಡ ವೈದ್ಯಳ ಥರ ಬಾಟ್ಲು ಎತ್ತಿಟ್ಟೆ. "ಇದೆಲ್ಲಾ ಕೆಮಿಕಲ್ಲು, ನಮ್ಮಜ್ಜಿ ಮಾಡ್ತಿದ್ದಂಗೆ ಮಾಡ್ತೀನಿ ಕೂತ್ಕಳಿ" ಅಂತ ನಿಂಬೆಹಣ್ಣಿನ ರಸಕ್ಕೆ ಅರಿಶಿನ ಕಲಸಿ ಹಚ್ದೆ. ಮೂರು ದಿನ ಹಚ್ದೆ. ಅವರು ಒಂದು ಮಾತು ಆಡ್ಲಿಲ್ಲ. ನಾಲ್ಕನೇ ದಿನಕ್ಕೆ ಗುಳ್ಳೇಲಿ ಕೀವು ತುಂಬ್ತು, ಬಿಸಿಲು ಬಿದ್ದ ಕಡೆ ಚರ್ಮ ಸುಟ್ಟಂಗೆ ಕಪ್ಪಾಯ್ತು. ಇಎಸ್‌ಐ ಡಾಕ್ಟ್ರಮ್ಮ ನೋಡಿ, "ಏನು ಹಚ್ಚಿದ್ರಿ ಇದಕ್ಕೆ?" ಅಂದ್ರು. ಇವರು ನನ್ನ ಕಡೆ ಒಂದ್ಸಲ ನೋಡಿ, "ನಾನೇ ಏನೋ ಹಚ್ಕಂಡೆ ಮೇಡಂ" ಅಂದ್ರು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ನಾನೇ ಬಾಯಿಬಿಟ್ಟು ಹೇಳ್ದೆ.

ನಿಂಬೆರಸ ಕಡು ಹುಳಿ, ಕೆರೆದ ಚರ್ಮಕ್ಕೆ ಅದು ಗಾಯಕ್ಕೆ ಉಪ್ಪು ಸವರಿದಂಗೆ. ಅದರ ಮೇಲೆ ಬಿಸಿಲು ಬಿದ್ರೆ ಚರ್ಮ ಸುಟ್ಟು ಕಲೆ ಬೀಳುತ್ತೆ ಅಂತ ಆವತ್ತು ತಿಳೀತು. ನಾಲ್ಕು ದಿನ ಕೆಲಸಕ್ಕೆ ರಜೆ, ಮುಲಾಮು, ಮಾತ್ರೆ. ರಾತ್ರಿ "ಉರೀತದೆ ಅಂತ ಯಾಕೆ ಹೇಳ್ಲಿಲ್ಲ?" ಅಂತ ಕೇಳಿದ್ರೆ ಅವರು ಹೇಳಿದ್ದು ಹಿಂಗೆ: "ಬಾಟ್ಲದೂ ಉರೀತಿತ್ತಲ್ಲ. ಉರಿದ್ರೇನೇ ಕೆಲ್ಸ ಮಾಡ್ತದೆ ಅಂದ್ಕಂಡೆ."

ನೋಡಿ, ತಪ್ಪಿರೋದು ಈ ಮಾತಲ್ಲಿ. ಗಂಡುಮಕ್ಕಳಿಗೆ ಚಿಕ್ಕಂದಿನಿಂದ ಉರಿ ತಡ್ಕಳೋದೇ ಗಂಡಸ್ತನ ಅಂತ ಹೇಳ್ಕೊಟ್ಬಿಟ್ಟಿದೀವಿ. ಬಾಟ್ಲಿ ಹಿಂದಿನ ಚಿಕ್ಕ ಅಕ್ಷರ ಓದಿ ನೋಡಿ. ಜಾಸ್ತಿ ಇರೋದನ್ನ ಮೊದಲು ಬರೆದಿರ್ತಾರೆ. ಸುಮಾರು ಬಾಟ್ಲುಗಳಲ್ಲಿ ಮೊದಲ ಹೆಸರೇ ಆಲ್ಕೋಹಾಲ್. ಅದು ಕ್ರಿಮಿ ಸಾಯಿಸುತ್ತೆ ನಿಜ, ಆದ್ರೆ ಆರೋವಾಗ ಚರ್ಮದ ತೇವಾನೂ ಎಳ್ಕಂಡು ಹೋಗುತ್ತೆ. ತಣ್ಣಗೆ ಅನ್ನಿಸೋದು ಮೆಂಥಾಲಿನಿಂದ. ಅದು ನರಕ್ಕೆ ತಣ್ಣಗಿದೆ ಅಂತ ಸುಳ್ಳು ಹೇಳುತ್ತೆ ಅಷ್ಟೇ, ಉರಿ ವಾಸಿ ಮಾಡಲ್ಲ. ಉರಿ ಅಂದ್ರೆ ಚರ್ಮ ಸಾಕು ಅಂತ ಕೂಗ್ತಿದೆ ಅಂತ ತಿಳ್ಕಳಿ.

ಹಂಗಾದ್ರೆ ಏನು ಹಚ್ಚೋದು? ಮೊದಲು ಪಟಿಕದ ಮಾತು. ಕೆಲವರು ಸ್ಪಟಿಕ ಅಂತಾರೆ. ದೃಷ್ಟಿಗೆ ಅಂತ ಕರಿ ದಾರದಲ್ಲಿ ಅಂಗಡಿ ಬಾಗಿಲಿಗೆ ಕಟ್ತಾರಲ್ಲ, ಕಲ್ಲುಸಕ್ಕರೆ ಥರ ಕಾಣೋದು, ಅದೇ. ಗ್ರಂದಿಗೆ ಅಂಗಡೀಲಿ ಒಂದು ತುಂಡು ತಂದ್ರೆ ತಿಂಗಳುಗಟ್ಟಲೆ ಬರುತ್ತೆ. ನಮ್ಮತ್ತೆ ಕಾಲದಲ್ಲಿ ಕೆರೆ ನೀರು ತಿಳಿಯಾಗಲಿ ಅಂತ ಕೊಡಕ್ಕೆ ಹಾಕ್ತಿದ್ದಿದ್ದೂ ಇದನ್ನೇ. ಇದರ ಗುಣ ಏನಂದ್ರೆ ಚರ್ಮವನ್ನ ಬಿಗಿ ಮಾಡುತ್ತೆ, ಬ್ಲೇಡು ತಾಕಿದ ಸಣ್ಣ ಗಾಯದ ರಕ್ತ ನಿಲ್ಲಿಸುತ್ತೆ. ಆದ್ರೆ ಇದನ್ನೂ ಹಚ್ಚಿ ಹಂಗೇ ಬಿಟ್ರೆ ಚರ್ಮ ಒಣಗಿ ಬಿರಿಯುತ್ತೆ. ಕಲ್ಲನ್ನ ನೀರಲ್ಲಿ ಅದ್ದಿ, ಮುಖದ ಮೇಲೆ ಒಂದ್ಸಲ ಹಗುರಾಗಿ ಆಡಿಸಿ, ಅರ್ಧ ನಿಮಿಷ ಬಿಟ್ಟು ತಣ್ಣೀರಲ್ಲಿ ತೊಳೆದುಬಿಡಬೇಕು. ಒಣ ಚರ್ಮದವರಿಗೆ ಮುಖಕ್ಕೆಲ್ಲಾ ಬ್ಯಾಡವೇ ಬ್ಯಾಡ, ರಕ್ತ ಬಂದ ಜಾಗಕ್ಕೆ ಮುಟ್ಟಿಸಿದ್ರೆ ಸಾಕು.

ಇನ್ನೊಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಕಟಿಂಗ್ ಶಾಪಲ್ಲಿ ಒಬ್ಬರ ಮುಖಕ್ಕೆ ಉಜ್ಜಿದ ಪಟಿಕಾನೇ ಇನ್ನೊಬ್ಬರಿಗೂ ಉಜ್ಜೋ ಕಡೆ ಎಷ್ಟೋ ಇವೆ. ಬ್ಲೇಡ್ ಹೊಸದು ಹಾಕಿದ್ರಾ ಅಂತ ಕೇಳ್ತೀವಿ, ಕಲ್ಲಿನ ಬಗ್ಗೆ ಯಾರೂ ಕೇಳಲ್ಲ. ಹೆಪಟೈಟಿಸ್ ಬಿ ಅನ್ನೋ ಕಾಮಾಲೆಯ ವೈರಸ್ಸು ಒಣಗಿದ ರಕ್ತದಲ್ಲಿ 7 ದಿನದವರೆಗೂ ಬದುಕಿರುತ್ತೆ. ರಕ್ತ ಒರೆಸೋ ಕಲ್ಲೇ ಹತ್ತು ಜನಕ್ಕೆ ಓಡಾಡಿದ್ರೆ ಏನು ಗತಿ? ನಮ್ಮನೇಲಿ ಅಪ್ಪಂಗೆ ಒಂದು ಡಬ್ಬಿ, ಮಗಂಗೆ ಒಂದು ಡಬ್ಬಿ. ಶಾಪಿಗೆ ಹೋಗೋವಾಗ ಜೇಬಲ್ಲಿ ಸ್ವಂತ ತುಂಡು ಇಟ್ಕಂಡು ಹೋಗ್ತಾರೆ. ಮೊದಲು ನಾಚ್ಕಂತಿದ್ರು, ಈಗ ಅಭ್ಯಾಸ ಆಗಿದೆ.

ಎರಡನೇದು ಲೋಳೆಸರ. ನಮ್ಮನೆ ಟೆರೇಸಿನ ಮೇಲೆ ಹಳೇ ಪೇಂಟ್ ಡಬ್ಬೀಲೇ ಬೆಳೀತಿದೆ, ನಿಮಗೂ ಮರಿ ಕೊಡ್ತೀನಿ ಬನ್ನಿ. ಕುಯ್ದ ತಕ್ಷಣ ಹಚ್ಬೇಡಿ. ಬುಡದಿಂದ ಹಳದಿ ರಸ ಸೋರುತ್ತೆ, ಅದೇ ಕೆರೆತ ತರೋದು. ತುಂಡನ್ನ ಹತ್ತು ನಿಮಿಷ ನಿಲ್ಲಿಸಿಟ್ಟು, ತೊಳೆದು, ಸಿಪ್ಪೆ ತೆಗೆದು ಒಳಗಿನ ನೀರಿನಂಥ ಲೋಳೆ ಮಾತ್ರ ಹಚ್ಚಿ. ಬಹುಪಾಲು ನೀರೇ ಇರೋದ್ರಿಂದ ತಂಪು ನಿಜವಾದ ತಂಪು. ಊರಿಂದ ತರ್ಸೋರು ಒಂದು ಎಚ್ಚರ ಇಟ್ಕಳಿ. ಬೇಲೀಲಿರೋ ಕತ್ತಾಳೆಯೇ ಬೇರೆ, ಲೋಳೆಸರವೇ ಬೇರೆ. ಕತ್ತಾಳೆ ರಸ ತಾಕಿದ್ರೆ ಮೈಯೆಲ್ಲಾ ದದ್ದು.

ಮೂರನೇದು ಕೊಬ್ಬರಿ ಎಣ್ಣೆ. ಇಲ್ಲಿ ನಮ್ಮನೇಲಿ ಎರಡು ನ್ಯಾಯ ಐತೆ. ಐವತ್ತು ದಾಟಿದ ಅಪ್ಪನ ಚರ್ಮ ಒಣಕಲು, ಅದಕ್ಕೆ ರಾತ್ರಿ ಎರಡು ಹನಿ ಎಣ್ಣೆ ಅಮೃತ. ಇಪ್ಪತ್ತೊಂದರ ಮಗನ ಮುಖದಲ್ಲಿ ಮೊದಲೇ ಜಿಡ್ಡು, ಮೊಡವೆ. ಅವನಿಗೆ ಎಣ್ಣೆ ಹಚ್ಚಿದ್ರೆ ರಂಧ್ರ ಮುಚ್ಚಿ ಮೊಡವೆ ಇನ್ನೂ ಜಾಸ್ತಿ. ಅವನು ಪೌಡರ್ ಕೋಟಿಂಗ್ ಕೆಲಸಕ್ಕೆ ಹೋಗ್ತಾನೆ. ಅಲ್ಲಿ ಹಾಕೋ ಮಾಸ್ಕು ಮುಖಕ್ಕೆ ಬಿಗಿಯಾಗಿ ಕೂರಬೇಕಾದ್ರೆ ಗಡ್ಡ ಇರಬಾರದು, ಕೂದಲಿನ ಸಂದೀಲಿ ಧೂಳು ಒಳಗೆ ಹೋಗುತ್ತೆ. ಹಂಗಾಗಿ ದಿನಾ ಬೆಳಿಗ್ಗೇನೇ ಶೇವ್ ಮಾಡ್ಲೇಬೇಕು. ಅವನಿಗೆ ಪಟಿಕ ಒಂದ್ಸಲ, ತೊಳೆದು, ಮೇಲೆ ಲೋಳೆಸರ. ಅಪ್ಪಂಗೆ ಮಾಸ್ಕಿನ ಗೊಡವೆ ಇಲ್ಲ, ಅದಕ್ಕೇ ಅವರ ಶೇವಿಂಗನ್ನ ರಾತ್ರಿ ಸ್ನಾನದ ಹೊತ್ತಿಗೆ ಬದಲಾಯಿಸ್ದೆ. ಕೆರೆದ ಚರ್ಮಕ್ಕೆ ರಾತ್ರಿಯೆಲ್ಲಾ ಸುಧಾರಿಸ್ಕಳೋಕೆ ಹೊತ್ತು ಸಿಗುತ್ತೆ, ಬೆಳಿಗ್ಗೆ ಕೂಲೆಂಟ್ ಬೀಳೋ ಹೊತ್ತಿಗೆ ಗಾಯ ಹಸಿ ಇರಲ್ಲ. ನನ್ನ ಕೇಳಿದ್ರೆ ಯಾವ ಲೇಪಕ್ಕಿಂತಲೂ ಹೆಚ್ಚು ಗುಣ ಕೊಟ್ಟಿದ್ದು ಇದೇ.

ಗಂಧ, ಪನ್ನೀರು ಬಿಟ್ರಾ ಅಂತೀರಿ. ಗಂಧ ನಮ್ಮ ನಾಡಿನ ಹೆಮ್ಮೆ. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ಮರ ಹೊರದೇಶಕ್ಕೆ ಕಳಿಸೋದು ಕಷ್ಟ ಆಗಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೇಲಿ 1916ರಲ್ಲಿ ಮೈಸೂರಲ್ಲೇ ಗಂಧದೆಣ್ಣೆ ತೆಗೆಯೋಕೆ ಶುರು ಮಾಡಿದ್ರು, ಅದರಿಂದಲೇ ಮೈಸೂರ್ ಸ್ಯಾಂಡಲ್ ಸೋಪು ಬಂತು. ಪೀಣ್ಯದಿಂದ ಮೆಜೆಸ್ಟಿಕ್ ಕಡೆ ಮೆಟ್ರೋದಲ್ಲಿ ಹೋಗೋವಾಗ ಆ ಕಾರ್ಖಾನೆ ಹೆಸರಿನ ಸ್ಟೇಷನ್ನೇ ಸಿಗುತ್ತಲ್ಲ. ಸಾಣೆಕಲ್ಲಿನ ಮೇಲೆ ನೀರಲ್ಲಿ ತೇಯ್ದ ಗಂಧ ತಂಪು, ಸುಳ್ಳಲ್ಲ. ಆದ್ರೆ ನಿಜವಾದ ಕೊರಡಿನ ಬೆಲೆಗೆ ದಿನಾ ಕೆನ್ನೆಗೆ ಬಳಿಯೋಕಾಗಲ್ಲ, ಕಡಿಮೆ ಬೆಲೆಗೆ ಸಿಗೋ ಪುಡೀಲಿ ಗಂಧ ಎಷ್ಟು, ಬಣ್ಣ ವಾಸನೆ ಎಷ್ಟು ಅಂತ ನೋಡಿ ಹೇಳೋಕಾಗಲ್ಲ. ಪನ್ನೀರೂ ಅಷ್ಟೇ. ಗುಲಾಬಿ ಬಟ್ಟಿ ಇಳಿಸಿದ್ದಾದ್ರೆ ತನ್ನಿ, ನೀರಿಗೆ ಸೆಂಟು ಬೆರೆಸಿದ್ದು ಬ್ಯಾಡ. ಹೊಸದು ಏನೇ ಆಗಲಿ, ಮುಂಗೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಎರಡು ದಿನ ನೋಡಿ ಆಮೇಲೆ ಮುಖಕ್ಕೆ. ಗಂಧವೂ ಕೆಲವರ ಮೈಗೆ ಒಗ್ಗಲ್ಲ.

ಪಕ್ಕದ್ಮನೆ ಅಕ್ಕ ಕೇಳಿದ್ರು, "ಹುಡುಗ್ರಿಗೆ ವಾಸನೆ ಬೇಕಲ್ಲಮ್ಮಾ, ಲೋಳೆಸರ ಬಳ್ಕಂಡು ಹೋಗು ಅಂದ್ರೆ ನಗ್ತಾರೆ" ಅಂತ. ನಿಜ. ನನ್ನ ಮಗನೂ ನಕ್ಕ. ವಾಸನೆ ಬೇಕಾದ್ರೆ ಅಂಗಿಗೆ ಹಾಕ್ಕಳ್ಲಿ, ಬ್ಯಾಡ ಅಂದೋರ್ಯಾರು? ಕೆರೆದ ಚರ್ಮಕ್ಕೆ ಬ್ಯಾಡ ಅಂತ ಅಷ್ಟೇ. ಆಲ್ಕೋಹಾಲ್ ಇಲ್ಲದ, ವಾಸನೆ ಇಲ್ಲದ ಕ್ರೀಮು ತಂದ್ರೂ ನನ್ನ ತಕರಾರಿಲ್ಲ. ಅಂಗಡೀದು ಅಂದ್ಮಾತ್ರಕ್ಕೆ ವಿಷ ಅಲ್ಲ, ಅಜ್ಜೀದು ಅಂದ್ಮಾತ್ರಕ್ಕೆ ಔಷಧಿ ಅಲ್ಲ.

ಹಚ್ಚೋದಕ್ಕಿಂತ ಮುಂಚೆ ಆಗಬೇಕಾದ್ದೂ ಇದೆ. ನಮ್ಮ ಕಡೆ ಬೋರ್‌ವೆಲ್ ನೀರು ಗಡುಸು, ಬಕೆಟ್ಟಿಗೆ ಬಿಳಿ ಪೊರೆ ಕಟ್ಟೋದು ನೋಡ್ತೀರಲ್ಲ. ಆ ನೀರಲ್ಲಿ ನೊರೆ ಏಳಲ್ಲ, ನೊರೆ ಇಲ್ಲದೆ ಬ್ಲೇಡು ಜಾರಲ್ಲ, ಕೆರೆಯುತ್ತೆ. ಶೇವಿಂಗಿಗೆ ಫಿಲ್ಟರ್ ನೀರು ಒಂದು ಚೊಂಬು ಕೊಡಿ. ಬಿಸಿನೀರಲ್ಲಿ ಗಡ್ಡ ನೆನೆದ್ಮೇಲೆ, ಕೂದಲು ಬೆಳೆದ ದಿಕ್ಕಿಗೇ ಬ್ಲೇಡು ಆಡಿಸ್ಲಿ. ಎದುರು ಎಳೆದ್ರೆ ಕೂದಲು ಒಳಗೇ ಸುತ್ಕಂಡು ಕತ್ತಲ್ಲಿ ಗುಳ್ಳೆ ಏಳುತ್ತೆ. ಇಷ್ಟು ಮಾಡಿದ್ರೆ ಹಚ್ಚೋಕೆ ಉಳಿಯೋ ಉರಿಯೇ ಕಮ್ಮಿ. ಕೀವು ಬಂದ್ರೆ, ಗುಳ್ಳೆ ಹರಡಿದ್ರೆ, ವಾರಕ್ಕೂ ಇಳೀದೇ ಇದ್ರೆ ನನ್ನ ಥರ ಒಳಕಲ್ಲಿನ ಹತ್ರ ಹೋಗಬೇಡಿ, ಡಾಕ್ಟ್ರ ಹತ್ರ ಹೋಗಿ.

ಎಜಮಾನ್ರ ಕತ್ತಲ್ಲಿ ಕಪ್ಪು ಕಲೆ ಇನ್ನೂ ತುಸು ಐತೆ. ನಾನು ನೋಡ್ತಿರ್ತೀನಿ, ಅವರು ಏನೂ ಅನ್ನಲ್ಲ. ಆದ್ರೆ ಒಂದು ಬದಲಾವಣೆ ಆಗಿದೆ. ಈಗ ಏನಾದ್ರೂ ಹಚ್ಚಿದ್ರೆ "ಉರೀತದೆ ಕಣೇ" ಅಂತ ಬಾಯಿಬಿಟ್ಟು ಹೇಳ್ತಾರೆ. ನಿಮ್ಮನೆಯೋರನ್ನೂ ಇವತ್ತು ಸಂಜೆ ಒಂದು ಮಾತು ಕೇಳಿ ನೋಡಿ, ಬೆಳಿಗ್ಗೆ ಹಚ್ಕಳೋದು ಉರಿಯುತ್ತಾ ಅಂತ. ಎಷ್ಟು ವರ್ಷದಿಂದ ಅಂತಾನೂ ಕೇಳಿ.